ಹನ್ನೊಂದು ಲಾಟುಗಳ ಉತ್ತರ

ಗುಡಗೇರಿಯ ಬೀಜ ಉತ್ಪಾದಕರ ಸಂಘದಲ್ಲಿ ನಾಜಮೀನ್ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದಳು. ಬಿತ್ತನೆ ಕಡಲೆಯ ಚೀಲಗಳ ಒಂದೊಂದು ಲಾಟಿನ ಸ್ಯಾಂಪಲ್ಲೂ ಮೊಳಕೆ ಪರೀಕ್ಷೆಗೆ ಲ್ಯಾಬಿಗೆ ಹೋಗಬೇಕು. ಫಲಿತಾಂಶ ಅಲ್ಲಿನ ಸರ್ವರಿನಿಂದ ನೇರ ಸಂಘದ ಕಂಪ್ಯೂಟರಿಗೆ ಬರುತ್ತಿತ್ತು. ಅದನ್ನು ಕೇಳಿ ತರುವ ಕೋಡ್ ಏಳು ವರ್ಷ ಹಳೆಯದು. ಹಳೆಯ ಸಾಫ್ಟ್‌ವೇರಿನ ಸಂಪರ್ಕ ತಿಂಗಳ ಕೊನೆಗೆ ಬಂದ್ ಎಂದು ಲ್ಯಾಬಿನವರು ತಿಳಿಸಿದ್ದರಿಂದ ಅವಳು ಹದಿನೈದು ದಿನ ಕೂತು ಎಲ್ಲವನ್ನೂ ಹೊಸ ಆವೃತ್ತಿಗೆ ಬದಲಿಸಿದಳು.

ಹೊಸದನ್ನು ಚಾಲೂ ಮಾಡಿದ ಬುಧವಾರವೇ ಹನ್ನೊಂದು ಲಾಟುಗಳ ಮುಂದೆ ‘ಉತ್ತರ ಬಂದಿಲ್ಲ’ ಎಂದು ಮೂಡಿತು. ಹಿಂದಿನ ದಿನ ಅವೆಲ್ಲ ಪಾಸಾಗಿದ್ದವು.

ಕಾರ್ಯದರ್ಶಿ ಶಂಭುಲಿಂಗಪ್ಪನವರು ಪರದೆ ಬಿಟ್ಟು ಅವಳನ್ನೇ ನೋಡಿದರು. “ನಿನ್ನೆ ಮಟಾ ಅಗದಿ ಬರೋಬರಿ ಇತ್ತು. ನೀ ಏನ್ ಮಾಡಿದಿ?”

“ಕೇಳೋ ರೀತಿ ಅಷ್ಟ ಬದಲ ಮಾಡೇನ್ರಿ, ಕಾಕಾ.”

“ಸೋಮವಾರ ಬೀಜ ಹಂಚೂದೈತಿ. ಹಳೇದನ್ನ ಹಾಕಿಬಿಡು.”

ಅವಳಿಗೂ ಮೊದಲು ತನ್ನ ಮೇಲೆಯೇ ಅನುಮಾನ. ಹಳೆಯ ಕೋಡನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದಳು. ಮಧ್ಯಾಹ್ನದ ಹೊತ್ತಿಗೆ ಒಂದು ತುಣುಕು ಸಿಕ್ಕಿತು: ಲ್ಯಾಬಿನಿಂದ ಉತ್ತರ ಬರದಿದ್ದರೆ ಹಿಂದಿನ ಲಾಟಿನ ಫಲಿತಾಂಶವನ್ನೇ ಇದಕ್ಕೂ ಬರೆ. ಹೊಸ ಆವೃತ್ತಿ ದೋಷ ತಿಳಿಸುವ ಬಗೆಯೇ ಬೇರೆ. ಹಾಗಾಗಿ ಆ ತುಣುಕು ಈಗ ಕೆಲಸ ಮಾಡಿರಲಿಲ್ಲ. ಲ್ಯಾಬಿಗೆ ಫೋನ್ ಮಾಡಿದಳು. “ಆ ಹನ್ನೊಂದು ನಂಬರಿನ ಸ್ಯಾಂಪಲ್ ನಮಗ ಬಂದೇ ಇಲ್ರಿ,” ಎಂದರು.

ಹಳೆಯ ಕೋಡ್ ಬರೆದ ಹೇಮಂತ ಈಗ ಕಲಘಟಗಿಯಲ್ಲಿದ್ದ. ಅವನಿಗೂ ಫೋನ್ ಮಾಡಿದಳು. “ನಾ ನನ್ನಷ್ಟಕ್ಕ ಬರದಿಲ್ಲ. ಕೆಲಸ ನಿಲ್ಲಬಾರದು ಅಂತ ಕಾಕಾನ ಹೇಳಿದ್ರು,” ಎಂದ.

ತಿರುಗಿದರೆ ಶಂಭುಲಿಂಗಪ್ಪ ಬಾಗಿಲಲ್ಲಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ.

“ಏಳ ವರ್ಷ ಯಾರೂ ತಕರಾರ ಮಾಡಿಲ್ಲ,” ಎಂದರು.

“ಮಾಡಿದ್ರ, ತಪ್ಪ ಮಳಿ ಮ್ಯಾಲೆ ಹಾಕಿರ್ತೇವ್ರಿ,” ಎಂದಳು ನಾಜಮೀನ್.

ಗೋದಾಮಿನ ರೇವವ್ವ ನಡುವೆ ಬಂದಳು: “ಲಾಟಿಗೆ ನೂರ ಕಾಳ ಎಣಿಸಿ ಹಸೀ ಅರಿವ್ಯಾಗ ಕಟ್ಟೂಣ್ರಿ. ಖರೇ ಏನು ಅಂತ ಕಾಳ ಹೇಳ್ತಾವ.”

ಭಾನುವಾರ ಗಂಟುಗಳನ್ನು ಶಂಭುಲಿಂಗಪ್ಪನವರೇ ಬಿಚ್ಚಿದರು. ಒಂಬತ್ತು ಲಾಟುಗಳು ಚೆನ್ನಾಗಿ ಮೊಳೆತಿದ್ದವು. ಎರಡರಲ್ಲಿ ನಲವತ್ತೂ ದಾಟಿರಲಿಲ್ಲ. ಮತ್ತೊಮ್ಮೆ ಎಣಿಸಿದರು. ಆಮೇಲೆ ನಾಜಮೀನ್, ರೇವವ್ವ ಇಬ್ಬರ ಎದುರಿಗೇ ಯರಗುಪ್ಪಿಯ ರೈತ ಬಾಷಾಸಾಬನಿಗೆ ಫೋನ್ ಹಚ್ಚಿದರು. “ಹೋದ ವರ್ಷ ಬೀಜ ಹುಟ್ಟಲಿಲ್ಲ ಅಂತ ಬಂದಿದ್ದಿ. ಹೊಲದಾಗ ಹಸಿ ಇಲ್ಲ ಅಂತ ಕಳಿಸಿದೆ. ತಪ್ಪ ನಮ್ಮದಿತ್ತು.”

“ಈಗ್ಯಾಕ ಹೇಳಾಕತ್ತೀರಿ, ಅಣ್ಣಾರ?” ಬಾಷಾಸಾಬನ ದನಿಯಲ್ಲಿ ಸಂಶಯವಿತ್ತು. “ಬಾಜು ಯಾರರೆ ನಿಂತಾರೇನು?”

“ನಿಂತಾರ,” ಎಂದರು ಶಂಭುಲಿಂಗಪ್ಪ.

ಸೋಮವಾರ ಬೀಜ ಹಂಚಲಿಲ್ಲ. ಹನ್ನೊಂದೂ ಸ್ಯಾಂಪಲ್ ಲ್ಯಾಬಿಗೆ ಹೋದವು. ಅಂದೇ ಬಾಷಾಸಾಬ ಬಂದು, ಯಾರ ಮಾತೂ ಕೇಳದೆ, ಗೋದಾಮಿನಲ್ಲಿ ತಾನೇ ನೂರು ಕಾಳು ಎಣಿಸಲು ಕೂತ.