ಕನ್ನಮ್ಮನ ಪಾಲಿನ ನುಚ್ಚು

ಭತ್ತ ಒಣಗಿದೆಯೋ ಇಲ್ಲವೋ ಎಂದು ನೋಡಲು ಕನ್ನಮ್ಮನಿಗೆ ಹಲ್ಲು ಸಾಕಿತ್ತು. ಒಂದು ಕಾಳು ಕಡಿದು "ಇನ್ನೊಂದು ಬಿಸ್ಲು ಬೇಕು" ಎಂದರೆ ಬೇಕು, ಅಷ್ಟೇ. ಇಪ್ಪತ್ತೆರಡು ವರ್ಷದಿಂದ ವಾಸಪ್ಪಗೌಡರ ಮನೆಯ ಬೇಯಿಸಿದ ಭತ್ತವನ್ನೆಲ್ಲ ಕುಟ್ಟಿದವಳು ಅವಳು. ಇಡಿಯಾದ ಅಕ್ಕಿ ಗೌಡರಿಗೆ, ಒಡೆದ ನುಚ್ಚು ಅವಳಿಗೆ. ಗೇಣು ಗದ್ದೆಯಿಲ್ಲದ ಅವಳ ಮನೆಯಲ್ಲಿ ಗಂಜಿ ಬೇಯುತ್ತಿದ್ದುದು ಆ ನುಚ್ಚಿನಿಂದಲೇ.

ಆ ವರ್ಷ ಶರಾವತಿಯ ಕರೆಂಟು ಹುಂಚದ ಕಡೆಯ ಕಂಬಗಳಿಗೂ ಹರಿದು ಬಂತು. ಬೆನ್ನಿಗೇ ಬಸ್ಸು ನಿಲ್ಲುವ ಜಾಗದಲ್ಲಿ ಅಕ್ಕಿ ಮಿಲ್ಲು ಎದ್ದಿತು. ಗೌಡರು ಭತ್ತ ಅಲ್ಲಿಗೆ ಸಾಗಿಸಲು ಗಾಡಿ ಕಟ್ಟಿಸಿದರು. ಅವರ ಹೆಂಡತಿ ವರದಮ್ಮ ಮಾತ್ರ "ಕನ್ನಮ್ಮನ ಗತಿ ಎಂತ?" ಎಂದು ಕೇಳಿಯೇ ಬಿಟ್ಟರು.

"ಅವ್ಳ ಪಾಲು ಎಲ್ಲಿಗೆ ಹೋಗ್ತದೆ? ಮಿಲ್ಲಲ್ಲಿ ಒಡೆದಿದ್ದೂ ಅವ್ಳಿಗೇ!" ಎಂದರು ಗೌಡರು, ಆಳುಕಾಳುಗಳೆಲ್ಲ ಕೇಳುವಂತೆ. ಮಿಷನ್ನು ಒಂದು ಕಾಳನ್ನೂ ಒಡೆಯುವುದಿಲ್ಲವೆಂದು ಅವರಿಗೆ ಯಾರೋ ಹೇಳಿದ್ದರು. ಧಾರಾಳಿಯಾಗಲು ಅದಕ್ಕಿಂತ ಸುಲಭದ ಹೊತ್ತು ಸಿಕ್ಕೀತೇ!

ಗಾಡಿ ಹೊರಡುವಾಗ ಕನ್ನಮ್ಮ ಮೂಟೆಯಿಂದ ಕಾಳು ತೆಗೆದು ಕಡಿದಳು. "ಗೌಡ್ರೇ, ಇದಿನ್ನೂ ಒಣಗ್ಲಿಲ್ಲ."

"ಹಸಿ, ಒಣ ಎಲ್ಲ ನಿನ್ನ ಒನಕೆಗೆ ಮಾರಾಯ್ತಿ. ಮಿಷನ್ನಿಗೆ ಎಂತದು?"

ಎಂತದೆಂದು ಮಧ್ಯಾಹ್ನಕ್ಕೇ ಗೊತ್ತಾಯಿತು. ಬಂದದ್ದು ಮೂರು ಮೂಟೆ ಬರೀ ನುಚ್ಚು. ಗೌಡರು ಇಂಗು ತಿಂದ ಮಂಗನಂತಾದರು. ಆದರೂ ದೊಡ್ಡ ಮನುಷ್ಯ, ಆಡಿದ ಮಾತು ನುಂಗಲಿಲ್ಲ. ಅವರದೇ ಗಾಡಿಯಲ್ಲಿ ಮೂಟೆಗಳು ಕನ್ನಮ್ಮನ ಬಿಡಾರಕ್ಕೆ ಹೋದವು. ಮಳೆಗಾಲವಿಡೀ ಕುಟ್ಟಿದರೂ ಅವಳಿಗೆ ಅಷ್ಟು ನುಚ್ಚು ಸಿಕ್ಕಿರಲಿಲ್ಲ.

ಎರಡನೆಯ ಸಲ ಗೌಡರು ಅವಳನ್ನೇ ಮಿಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಮಿಷನ್ನು ನಡೆಸುವ ತಿಮ್ಮಣ್ಣ ಬೇರೆ ಯಾರದೋ ಭತ್ತ ಹಾಕುತ್ತಿದ್ದ. ಕನ್ನಮ್ಮನ ಕಾಲ ಕೆಳಗೆ ನೆಲ ನಡುಗಿತು. ಉದ್ದನೆಯ ಪಟ್ಟಿಯೊಂದು ಸುತ್ತಿ ಸುತ್ತಿ ಕಣ್ಣಿಗೇ ಸಿಕ್ಕದಾಯಿತು. ನಾಲ್ಕು ಹೆಂಗಸರು ದಿನವಿಡೀ ಕುಟ್ಟುವಷ್ಟನ್ನು ಮಿಷನ್ನು ಒಂದು ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಮುಗಿಸಿತು. ಯಾರ ಮೈಯಲ್ಲೂ ಹನಿ ಬೆವರಿಲ್ಲ!

"ಯಾರು ತಿರುಗ್ಸೋದು ಇದನ್ನ?"

"ಶರಾವತಿ ನೀರು," ಎಂದ ತಿಮ್ಮಣ್ಣ.

ಅಣೆಕಟ್ಟು ಕಟ್ಟಿದಾಗ ಹೊಳೆಬಾಗಿಲು ಊರಿನಾಚೆ ಅವಳ ತವರು ಮುಳುಗಿದ್ದು ಅದೇ ನೀರಿನಲ್ಲಿ. ಅಪ್ಪ ಅಮ್ಮ ಗೇಣಿಗೆ ಉಳುತ್ತಿದ್ದ ಗದ್ದೆಯನ್ನು ನುಂಗಿ ಸುಮ್ಮನೆ ಮಲಗಿದೆಯೆಂದು ಅವಳು ಅಂದುಕೊಂಡಿದ್ದ ನೀರು ಇಲ್ಲಿಗೆ ಬಂದು ಭತ್ತ ಕುಟ್ಟುತ್ತಿದೆ. ಕನ್ನಮ್ಮನಿಗೆ ಕೈ ಮುಗಿಯಬೇಕೋ ಬೈಯಬೇಕೋ ತಿಳಿಯಲಿಲ್ಲ.

ಗೌಡರು ಬೊಗಸೆಯಲ್ಲಿ ಭತ್ತ ಹಿಡಿದರು. "ನೀ ಹೇಳಿದ್ರೆ ಹಾಕೋದು. ಇಲ್ದಿದ್ರೆ ಮತ್ತೆ ಅಂಗಳಕ್ಕೆ."

ಅವಳು ಕಡಿದಳು. ಟಕ್ಕೆಂದಿತು. ಸರಿಯಾದ ಹದ. ಈಗ ಹಾಕಿದರೆ ಒಡೆಯುವುದಿಲ್ಲ. ಒಡೆಯದಿದ್ದರೆ ಅವಳಿಗೆ ಪಾಲಿಲ್ಲ, ಇವತ್ತಿಗೂ ಇಲ್ಲ, ಮುಂದಕ್ಕೂ ಇಲ್ಲ. ಹಸಿ ಎಂದುಬಿಟ್ಟರೆ? ಇನ್ನೆರಡು ಬಿಸಿಲಿಗೆ ಭತ್ತ ಹದ ಮೀರಿ ಒಣಗಿ ಮಿಲ್ಲಿನಲ್ಲಿ ಮತ್ತೆ ಪುಡಿಯಾಗುತ್ತದೆ. ಮತ್ತೆ ಮೂರು ಮೂಟೆ. ಅದು ಗೊತ್ತಿದ್ದವಳು ಅಲ್ಲಿ ಅವಳೊಬ್ಬಳೇ. ಆಸೆಯೇನೋ ಆಯಿತು, ಇಲ್ಲವೆನ್ನಲಾಗದು! ಆದರೆ ಕಣ್ಣು ಆ ಪಟ್ಟಿಯನ್ನು ಬಿಟ್ಟು ಕದಲಲಿಲ್ಲ. ತನ್ನ ಹಲ್ಲು ಒಪ್ಪಿದ ಭತ್ತವನ್ನು ಇದು ಏನು ಮಾಡೀತೆಂದು ನೋಡಬೇಕಿತ್ತು.

"ಹದ ಆಗಿದೆ. ಹಾಕ್ಸಿ," ಎಂದಳು.

ಅಕ್ಕಿ ಸುರಿಯಿತು. ಕನ್ನಮ್ಮ ಮೊರ ಒಡ್ಡಿದಳು. ಬಿಸಿಬಿಸಿ ಅಕ್ಕಿ, ಒಂದೊಂದು ಕಾಳೂ ತುದಿಯಿಂದ ತುದಿಗೆ ಇಡಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವಳ ಒನಕೆಗೆ ಅಂಥ ಅಕ್ಕಿ ದಕ್ಕಿರಲಿಲ್ಲ. "ಅಯ್ಯೋ, ಎಷ್ಟು ಚಂದ!" ಎಂದಳು. ಕಣ್ಣು ತುಂಬಿ ಬಂತು.

ಗೌಡರು ಹಿಗ್ಗಿ ಮೂಟೆ ಕಟ್ಟಿಸಲು ಹೋದರು. ಅವಳು ಮೊರದಲ್ಲಿ ಕೇರಿ ನೋಡಿದಳು. ಎರಡು ಹಿಡಿ ನುಚ್ಚು. ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆದರೂ ಬಾಗಿಲು ದಾಟಲಿಲ್ಲ.

"ತಿಮ್ಮಣ್ಣ, ಇನ್ನೊಂದ್ಸಲ ಮಿಷನ್ನು ಹಾಕು," ಎಂದಳು. "ತಿರುಗೋದು ನೋಡ್ತೀನಿ."