ಓಣಿಯ ಮೂಲೆಗೆ ಬಸ್ಸು ಬರಲಿ

ಆ ಬೇಸಿಗೆಯ ಹೊತ್ತಿಗೆ ಮರಾಠಿ ಸೀಮೆಯ ಚಿಕಲಠಾಣಾದ ಆ ಓಣಿಯಲ್ಲಿ ನಡೆಯಲು ಜಾಗ ಉಳಿದಿರಲಿಲ್ಲ. ಮನೆ ಮನೆಯ ಮುಂದೆ ಕಾರು. ಕಾದ ಕಬ್ಬಿಣದ ಝಳ ಸಂಜೆಯಾದರೂ ಇಳಿಯುತ್ತಿರಲಿಲ್ಲ. ಕಾರಿಲ್ಲದ ಮನೆಗಳು ಎರಡೇ: ಭಾಲ್ಕಿ ಕಡೆಯ ಪ್ರೇಮಾಬಾಯಿಯವರದು, ಎದುರಿನ ಬಾಡಿಗೆ ಮನೆಯ ಹಂಸಾಳದು. ಪ್ರೇಮಾಬಾಯಿಯವರ ಮಗ ಓಂಕಾರ ಮತ್ತು ಹಂಸಾ ಇಬ್ಬರಿಗೂ ಊರಾಚೆ ವಾಳೂಜಿನಲ್ಲಿ ಗಾಡಿಗಳ ಬ್ರೇಕ್ ಮಾಡುವ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ. ಫ್ಯಾಕ್ಟರಿಯ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು.

"ಈ ಯುಗಾದಿ ಪಾಡವಾಕ್ಕ ನಾವೂ ಗಾಡಿ ಬುಕ್ ಮಾಡೂದೇ," ಎಂದು ಪ್ರೇಮಾಬಾಯಿ ಹಟ ಹಿಡಿದರು. "ಮಂದಿ ಮುಂದ ನನ್ನ ಮಗ ಬಸ್ಸಿಗೆ ಕಾಯ್ಕೋತ ನಿಂದ್ರೂದು ನನಗ ಸೇರಂಗಿಲ್ಲ."

ಅದೇ ಫ್ಯಾಕ್ಟರಿಯಿಂದ ನಿವೃತ್ತರಾದ ಗಂಡ ಮನ್ಮಥಪ್ಪ ನಕ್ಕರು. "ನಾ ತಲಿ ಬೆಳ್ಳಗಾಗೂ ತನಕ ನಿಂತೇನಲ್ಲ, ಅದು ಸೇರತಿತ್ತೇನು?"

"ಆ ಮಾತು ಬ್ಯಾರೇರಿ. ಆಗ ಇಡೀ ಓಣಿನೇ ಬಸ್ಸಿನಿಂದ ಇಳೀತಿತ್ತು." ಹಾಗೆಂದವರಿಗೆ ಆ ದಿನಗಳು ನೆನಪಾದವು.

ಆಗೆಲ್ಲ ಬಸ್ಸು ಬರುವ ಹೊತ್ತಿಗೆ ಹೆಂಗಸರು ಮೆಂತ್ಯೆಸೊಪ್ಪಿನ ಸೂಡು ಹಿಡಿದುಕೊಂಡು ಮೂಲೆಯ ಕಟ್ಟೆಗೆ ಬರುತ್ತಿದ್ದರು. ಸೊಪ್ಪು ಸೋಸುತ್ತ ಬೀದರ, ಕಲಬುರಗಿ ಮಾತು. ಯಾರಿಗೆ ಓವರ್‌ಟೈಮ್ ಎಂದು ಇನ್ನೊಬ್ಬರ ಗಂಡ ಇಳಿದು ಹೇಳುತ್ತಿದ್ದ. ಜ್ವರ ಬಂದವಳ ಸೊಪ್ಪನ್ನು ಪಕ್ಕದವಳು ಸೋಸಿ, ಹೇಳದೆ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಆಮೇಲೆ ಒಬ್ಬೊಬ್ಬರೇ ಗಾಡಿ ಕೊಂಡರು. ಕಟ್ಟೆ ಒಡೆದು ಪಾರ್ಕಿಂಗ್ ಮಾಡಿದರು.

ಅಂದು ಸಂಜೆ, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಪ್ರೇಮಾಬಾಯಿ ಮೂಲೆಯವರೆಗೆ ಹೋದರು. ಬಸ್ಸಿನಿಂದ ಇಳಿದವರು ಓಂಕಾರ, ಹಂಸಾ ಇಬ್ಬರೇ. ಮರಾಠಿಯವನಾದ ಚಾಲಕ ದತ್ತು ಕಿಟಕಿಯಿಂದ ಬಾಗಿ, ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದ: "ಕಾಕು, ಓಂಕಾರಭಾವು ಗಾಡಿ ತಗೋತಾರಂತ? ಆಮ್ಯಾಲೆ ಈ ಸ್ಟಾಪ್ ಬಂದ್. ಒಬ್ಬರ ಸಲುವಾಗಿ ಬಸ್ ಬರಂಗಿಲ್ಲ."

ಪ್ರೇಮಾಬಾಯಿ ಹಂಸಾಳ ಮುಖ ನೋಡಿದರು. ಮಗಳನ್ನು ಒಬ್ಬಳೇ ಸಾಕುತ್ತಿದ್ದ ಹುಡುಗಿ.

"ನೀ ಹೆದರಬ್ಯಾಡ. ನಮ್ಮ ಗಾಡ್ಯಾಗ ಬಾ."

"ನೀವು ಕರೀತೀರಿ ಕಾಕು, ಗೊತ್ತದ. ಆದ್ರ ಅಣ್ಣಾವರಿಗೆ ಓವರ್‌ಟೈಮ್ ಇದ್ದ ದಿನ? ಊರಿಗೆ ಹೋದ ದಿನ? ಬಸ್ಸಿದ್ರ ನಾ ಯಾರನ್ನೂ ಕೇಳಬೇಕಿಲ್ರಿ. ಬಸ್ ಹೋದ್ರ ನನ್ನ ನೌಕರಿನೂ ಹೋಗ್ತದ."

"ಗಾಡಿ ಹೊಗಿಯಿಂದನೇ ಇಷ್ಟು ಝಳ ಅಂತಾರ ಮಂದಿ. ಆದ್ರ ಹೊಸಾ ಗಾಡಿ ಹೊಗಿ ಕಡಿಮಿ ಬಿಡ್ತಾವ," ಎಂದ ಓಂಕಾರ, ಅವಳತ್ತ ನೋಡದೆ.

"ಒಂದೊಂದು ಕಡಿಮಿನೇ ಬಿಡ್ತಾವ ಅಣ್ಣಾ. ಮನಿಗೆರಡು ಬಂದ್ರ ಒಟ್ಟು ಹೊಗಿ ಹೆಂಗ ಕಡಿಮಿ ಆಗ್ತದ? ಕಬ್ಬಿಣ, ಟೈರು, ರಸ್ತಾ, ಎಲ್ಲಾದಕ್ಕೂ ನೆಲಾನೇ ಅಗೀಬೇಕು. ಈ ಓಣಿಗೆ ಒಂದು ಬಸ್ ಸಾಕು."

"ಮಂದಿ ಗಾಡಿ ಕೊಳ್ಳೂದು ಬಿಟ್ರ ನಿಮ್ಮ ಬ್ರೇಕ್ ಫ್ಯಾಕ್ಟರಿ ಮುಚ್ಚಂಗಿಲ್ಲೇನ?" ಪ್ರೇಮಾಬಾಯಿ ಬಿಡಲಿಲ್ಲ.

"ಬಸ್ಸಿಗೂ ಬ್ರೇಕ್ ಬೇಕಲ್ರಿ ಕಾಕು! ಇಲ್ಲಂದ್ರ ದತ್ತುಭಾವು ನಮ್ಮನ್ನ ಸೀದಾ ದೂರದ ಮನ್ಮಾಡಕ್ಕೇ ಒಯ್ತಾರ."

ಪ್ರೇಮಾಬಾಯಿಗೂ ನಗು ಬಂತು. ಆಮೇಲೆ ಕಾರುಗಳ ಸಾಲನ್ನು ಬಹಳ ಹೊತ್ತು ನೋಡಿದರು. "ಎಲ್ಲಾರ ಮನಿಗೂ ಎಲ್ಲಾ ಬಂತು. ಕೂತು ಮಾತಾಡೋರು ಎಲ್ಲಿ ಹೋದ್ರು?" ಎಂದರು.

ಪಾಡವಾ ದಿನ ಗಾಡಿ ಬುಕ್ ಆಗಲಿಲ್ಲ. ಪ್ರೇಮಾಬಾಯಿ ಬೇವು-ಬೆಲ್ಲದ ತಾಟು ಹಿಡಿದು, ಅದೇ ಫ್ಯಾಕ್ಟರಿಗೆ ಕಾರಿನಲ್ಲಿ ಹೋಗುವ ವೈಜನಾಥನ ಮನೆಗೆ ಹೋದರು.

"ಗಾಡಿ ಮಾರು ಅನ್ನಂಗಿಲ್ಲಪಾ. ಡ್ಯೂಟಿಗೆ ಬಸ್ ಹತ್ತು."

"ಸೀಟ್ ಸಿಗ್ತದೇನ್ರಿ ಕಾಕು?"

"ಇಡೀ ಬಸ್ ಖಾಲಿ ಅದ. ಬೇಕಾದ್ರ ಮಲಕೊಂಡು ಹೋಗು!"

ಹಬ್ಬ ಕಳೆದ ಮೇಲೆ ವೈಜನಾಥ ಬಸ್ಸಿಗೆ ಬಂದ. ಬೂಟಿನ ದಾರ ಕಟ್ಟಿಕೊಳ್ಳುತ್ತ ಓಡಿ ಬಂದವನಿಗಾಗಿ ದತ್ತು ಬಸ್ಸು ನಿಲ್ಲಿಸಿಕೊಂಡೇ ಇದ್ದ. ಅವನ ಹಿಂದೆ ಪಕ್ಕದ ಮನೆಯ ಜಯಕರನೂ ಕಾರು ಬಿಟ್ಟು ಬಂದ. ಜನ ಹತ್ತುತ್ತಿರುವವರೆಗೂ ಆ ಸ್ಟಾಪ್ ಇರಲಿ ಎಂದು ಫ್ಯಾಕ್ಟರಿಯವರು ಒಪ್ಪಿದರು. ಹಂಸಾ ಕೆಲಸ ಬಿಡಬೇಕಾಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಭೂಮಿ ಬಿಸಿಯಾಗುತ್ತಿದೆ ಎಂದು ಇನ್ನೂ ಹೊಸ ವಸ್ತುಗಳನ್ನು ಕೊಂಡರೆ ಕಾವು ಇಳಿಯುವುದಿಲ್ಲ. ಎಷ್ಟು ಸಾಕು, ಯಾವುದನ್ನು ಕೂಡಿ ಬಳಸಬಹುದು ಎಂದು ಮನೆಯಲ್ಲಿ ಕೂತು ಮಾತಾಡಿ. ಹಂಚಿಕೊಂಡದ್ದನ್ನು ಉಳ್ಳವರು ಬಿಟ್ಟು ಹೋದರೆ, ಬಿಡಲಾಗದವರಿಗೂ ಅದು ಉಳಿಯುವುದಿಲ್ಲ. ನಿಮ್ಮ ಓಣಿಯ ಮೂಲೆಯಲ್ಲೂ ಯಾರೋ ಒಬ್ಬರೇ ಬಸ್ಸಿಗೆ ನಿಂತಿರುತ್ತಾರೆ. ನಾಳೆ ಬೆಳಿಗ್ಗೆ ಹೋಗಿ ಅವರ ಪಕ್ಕ ನಿಲ್ಲಿ.