ಉಪ್ಪಿನ ಡಬ್ಬಿಗೆ ಬೀಗ

ಗಂಜಿಯ ಮೊದಲ ತುತ್ತನ್ನೇ ಮಾಬ್ಲೇಶ್ವರ ಅಂಗಳಕ್ಕೆ ಉಗಿದ.

"ಉಪ್ಪು ಹಾಕಿದ್ಯಾ?"

"ಇಲ್ಲ," ಎಂದಳು ಅವನ ಹೆಂಡತಿ ವೈಜಯಂತಿ.

"ಮತ್ತೆ ಇದೆಂತಾ, ಸಕ್ಕರೆನಾ?"

ಉಪ್ಪು ಮುಟ್ಟಿದರೆ ಉಳಿದರ್ಧ ಕಿಡ್ನಿಯೂ ಹೋಗುತ್ತದೆ ಎಂದು ಕಾರವಾರದ ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅಂದಿನಿಂದ ಮನೆಯೊಳಗೆ ಉಪ್ಪಿನಕಾಯಿ ಇಲ್ಲ, ಹಪ್ಪಳ ಇಲ್ಲ, ಒಣಮೀನಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ ಮೀನುಗಾರರ ಮನೆಗೇ ಬಂದಿದ್ದ ವೈಜಯಂತಿಗೆ ಸುಟ್ಟ ಬಂಗಡೆಯ ವಾಸನೆಯೇ ಮರೆತುಹೋಗಿತ್ತು.

"ನೀರೇ ಉಪ್ಪಾಗ್ಯದೆ. ಬಾವೀದು. ಎಂಟು ದಿನಾತು," ಎಂದಳು.

ಅವನು ಕೊಡದಿಂದ ಒಂದು ಚೊಂಬು ಮೊಗೆದು ಗಟಗಟ ಕುಡಿದ. ಉಪ್ಪು ಗಂಜಿ ತಿಂದ ಬಾಯಿಗೆ ಅದು ಸಿಹಿಯಾಗಿಯೇ ಕಂಡಿತು.

"ಅಮೃತ ಇದು. ನನ್ ಬಾವಿಗೆ ಹೆಸ್ರಿಡಬೇಡ."

ಬಾವಿಯನ್ನು ಹಳಿದರೆ ಗಿಡಗಳನ್ನೇ ಹಳಿದ ಹಾಗೆ. ನೌಕಾನೆಲೆಯ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಅವನು ನಿವೃತ್ತಿಯ ನಂತರ ಕದ್ವಾಡದಲ್ಲಿ ಈ ಇಪ್ಪತ್ತು ಗುಂಟೆ ಕೊಂಡು ಇಪ್ಪತ್ತೆರಡು ಮಾವಿನ ಕಸಿ ನೆಟ್ಟಿದ್ದ. ಎಲ್ಲವೂ ಕರಿ ಈಶಾಡು ತಳಿ. ಎಲ್ಲವೂ ಒಂದೇ ಮರದ ಕಡ್ಡಿಗಳಿಂದ ಕಟ್ಟಿಸಿದ್ದು. ಆ ಮರ ಚೆಂಡಿಯಾದಲ್ಲಿ ಅವನ ಅಪ್ಪ ನೆಟ್ಟದ್ದು. ಜಾಗ ನೌಕಾನೆಲೆಗೆ ಹೋದಾಗ ಮರ ಬೇಲಿಯೊಳಗೆ ಉಳಿಯಿತು, ಮನೆಯವರು ಹೊರಗೆ ಬಂದರು. ನೌಕರಿಯ ಕೊನೆಯ ವರ್ಷ ಕಾವಲಿನವರನ್ನು ಕಾಡಿ ಬೇಡಿ ಒಂದು ಕಟ್ಟು ಕಡ್ಡಿ ಕತ್ತರಿಸಿ ತಂದಿದ್ದ. ಮರುವರ್ಷದ ಗಾಳಿಗೆ ಮರ ಬಿತ್ತು. ಆ ಮರದ್ದೆಂದು ಈಗ ಉಳಿದದ್ದು ಈ ಇಪ್ಪತ್ತೆರಡು ಮಾತ್ರ. ಬರುವ ವರ್ಷ ಮೊದಲ ಕಾಯಿ. ಈ ಬೇಸಿಗೆಯೊಂದನ್ನು ದಾಟಿಸಬೇಕು.

ಹೋದ ಮಳೆಗಾಲ ಅರ್ಧಕ್ಕೇ ಕೈಬಿಟ್ಟಿತ್ತು. ಜನವರಿಗೇ ಹಳ್ಳ ಒಣಗಿತು. ಮಾರ್ಚಿನಲ್ಲಿ ಬಾವಿಯ ತಳ ಕಂಡಾಗ ಅವನು ಇನ್ನೂ ಎಂಟು ಅಡಿ ಇಳಿಸಲು ಜನ ಕರೆಸಿದ. ಜಮೀನಿನ ಕೆಳಗೇ ಗಜನಿ, ಸಮುದ್ರ ಉಬ್ಬುವ ಭರತದ ಹೊತ್ತಿಗೆ ಕಾಳಿ ಹೊಳೆಯ ಉಪ್ಪುನೀರು ನುಗ್ಗುವ ಗದ್ದೆ. ಬಾವಿ ತೋಡುವ ಗಣೇಶ ಅಂಗೈಯಲ್ಲಿ ಕರಿ ಕೆಸರು ಹಿಡಿದು ಮೇಲೆ ಬಂದ.

"ಸಾಯ್ಬ್ರೇ, ಇದು ಹೊಳೆ ಕೆಸ್ರು. ಇಲ್ಲಿಗೇ ಸಾಕು."

"ನೀ ಅಗಿ. ಯೋಚ್ನೆ ಮಾಡೂದು ನನ್ ಕೆಲ್ಸ."

ಕೆಸರಿನ ಕೆಳಗೆ ಬೇಕಾದಷ್ಟು ನೀರು ಸಿಕ್ಕಿತು. ಗಣೇಶನನ್ನು ನೋಡಿ ಮಾಬ್ಲೇಶ್ವರ ಒಂದು ವಾರ ನಕ್ಕ.

ಗಂಜಿ ಉಗಿದ ಮರುದಿನ ಸುಕ್ರಿ ಬಂದಳು. ಮೇಲೆ ಗುಡ್ಡದ ಬುಡದಲ್ಲಿ ಅವಳ ಮನೆ, ಬಾವಿ, ತರಕಾರಿ ಗದ್ದೆ. ಮಾಬ್ಲೇಶ್ವರ ತಂತಿಬೇಲಿ ಹಾಕಿ ಅವಳ ಕಾಲುದಾರಿ ಮುಚ್ಚಿದ್ದ. ಬೇಲಿಯಾಚೆ ನಿಂತು ಅವನನ್ನು ಬೈಯಲು ಅವಳು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಳು.

"ಬಾ ಸುಕ್ರಿ, ನೀನೇ ಸಾಕ್ಷಿ," ಎಂದ ಮಾಬ್ಲೇಶ್ವರ. "ನಮ್ ವೈಜೂಗೆ ನನ್ ಪಿಂಚಣಿ ಸಾಲೂದಿಲ್ಲ, ಫ್ಯಾಮಿಲಿ ಪಿಂಚಣಿ ಬೇಕಂತೆ. ಅದ್ಕೇ ದಿನಾ ಚಿಟಿಕೆ ಚಿಟಿಕೆ ಉಪ್ಪು."

"ಚಿಟಿಕೆ ಯಾಕೆ? ಒಂದೇ ಸಲ ಒಂದ್ ಸೇರು ಹಾಕ್ಲಿ," ಎಂದಳು ಸುಕ್ರಿ. "ನಂಗೆ ದಾರಿ ಆದ್ರೂ ಆದೀತು."

ಅವನಿಗೆ ಸಿಟ್ಟು ಬಂತು. ಅದನ್ನು ಸುಕ್ರಿಯ ಮೇಲೆ ತೀರಿಸಲಾಗುವುದಿಲ್ಲ. "ಏ ವೈಜೂ, ಕೈ ತಾ ಇಲ್ಲಿ."

ಪಾತ್ರೆ ತೊಳೆಯುತ್ತಿದ್ದ ವೈಜಯಂತಿ ಬಂದು ಕೈ ಚಾಚಿದಳು. ಅವನು ಅವಳ ತೋರುಬೆರಳನ್ನು ಬಾಯಿಗಿಟ್ಟು ಚೀಪಿದ. ಅರವತ್ತು ದಾಟಿದ ಹೆಂಗಸು. ಆಚೆ ಸುಕ್ರಿ ನೋಡುತ್ತ ನಿಂತಿದ್ದಾಳೆ.

"ಉಪ್ಪು! ಬೆರಳೇ ಉಪ್ಪು! ಕಳ್ಳಿ!"

ಆ ಕೈ ಬೆಳಗಿನಿಂದ ಬಾವಿಯ ನೀರಿನಲ್ಲೇ ಇತ್ತು. ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು, ಅಷ್ಟೇ.

ಅಂದೇ ಅವನು ಉಪ್ಪಿನ ಡಬ್ಬಿಯನ್ನು ತನ್ನ ತಗಡಿನ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಅವಳ ಪಾಲಿನ ಸಾರಿಗೆ ಉಪ್ಪು ಬೇಕೆಂದರೆ ಅವನೆದುರು ಅಂಗೈ ಒಡ್ಡಬೇಕಿತ್ತು.

ಮಧ್ಯಾಹ್ನ ಅವನು ಮಲಗಿದ ಮೇಲೆ ಅವಳು ಖಾಲಿ ಕೊಡ ಹಿಡಿದು ಬೇಲಿಯ ಸಂದಿಯಲ್ಲಿ ನುಸುಳಿ ಸುಕ್ರಿಯ ಮನೆಗೆ ಹೋದಳು. ಜಗಳ ಸಾಕಾಗಿತ್ತು. ಒಂದು ಹೊತ್ತಾದರೂ ಸುಮ್ಮನೆ ಉಣ್ಣಬೇಕೆನಿಸಿತ್ತು.

"ದಿನಕ್ಕೆ ಎರಡೇ ಕೊಡ, ಅಕ್ಕಾ," ಎಂದಳು ಸುಕ್ರಿ. "ನಂದೂ ತಳ ಕಾಣ್ತದೆ. ಕೊಡೂದು ನಿಂಗೆ, ನಿನ್ ಗಂಡಂಗಲ್ಲ. ಅವ ಬಂದ್ರೆ ಹಗ್ಗ ಬಿಚ್ಚಿ ಒಳಗಿಡ್ತೆ."

ರಾತ್ರಿಯ ಗಂಜಿ ಸಪ್ಪೆಯಾಗಿತ್ತು. ಮಾಬ್ಲೇಶ್ವರ ಚಪ್ಪರಿಸಿ ತಿಂದು ಕೀಲಿಯನ್ನು ತಟ್ಟಿದ.

"ಕಂಡ್ಯಾ? ಬೀಗ ಹಾಕಿದ್ದೇ ತಡ."

ಅವಳು ಅವನ ಮುಖವನ್ನೇ ನೋಡಿದಳು. ನಿಜ ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡಳು.

ಮರುದಿನದಿಂದ ಕುಡಿಯುವ, ಬಾಯಿ ಮುಕ್ಕಳಿಸುವ ಚೊಂಬನ್ನೂ ಅವಳೇ ಸುಕ್ರಿಯ ನೀರು ತುಂಬಿಸಿ ಅವನ ಮುಂದಿಟ್ಟಳು. ಅವನು ಅದನ್ನು ಪಶ್ಚಾತ್ತಾಪವೆಂದು ತಿಳಿದ. ಸಾಬೂನು ನೊರೆ ಬಿಡದಾದಾಗ ಕದ್ವಾಡದ ಅಂಗಡಿಯವನಿಗೆ ಬೈದು ಬೇರೆ ಸಾಬೂನು ತಂದ. ದಿನಕ್ಕೆರಡು ಹೊತ್ತು ಪಂಪು ಓಡಿಸಿ, ಪ್ರತಿ ಗಿಡದ ಪಾತಿ ತುಂಬುವವರೆಗೆ ಪೈಪು ಹಿಡಿದು ನಿಲ್ಲುತ್ತಿದ್ದ. ಗಿಡಗಳ ಜೊತೆ ಅವನು ಮೆಲ್ಲಗೆ ಮಾತಾಡುತ್ತಿದ್ದ. ಅಂಥ ದನಿ ಅವನಿಗಿದೆಯೆಂದು ನಲವತ್ತು ವರ್ಷದಲ್ಲಿ ವೈಜಯಂತಿಗೆ ಗೊತ್ತಾಗಿರಲಿಲ್ಲ.

ಏಪ್ರಿಲ್ ಮುಗಿಯುವಾಗ ಎಲೆಗಳ ತುದಿ ಕಂದಿತು. ಅವನು ಒಂದೆಲೆಯನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದ. ಕಣ್ಣು ಒದ್ದೆಯಾಗಿತ್ತು.

"ಬಿಸಿಲಿಗೆ ಹಿಂಗಾತಾ?"

ವೈಜಯಂತಿಗೆ ಹಳೆಯದು ನೆನಪಾಯಿತು. ಮದುವೆಯಾದ ವರ್ಷ ಚೆಂಡಿಯಾದ ಆ ಮರದ ಹಣ್ಣನ್ನು ಅತ್ತೆ ತನ್ನ ಕೈಯಾರೆ ಹಿಂಡಿ ಅವಳ ಬಟ್ಟಲಿಗೆ ಸುರಿದಿದ್ದಳು. "ನಾ ಒಂದ್ ಮಾತು ಹೇಳ್ಲಾ..."

"ನೀ ಎಂತಾ ಹೇಳ್ತೆ? ನಿನ್ ಕೈ ಗುಣಕ್ಕೇ ಒಣಗಿರ್ಬೇಕು. ಬಂಜೆ ಕೈ."

ಅವಳು ಅಕ್ಕಿ ತೊಳೆಯಲು ಹಿತ್ತಲಿಗೆ ಹೋದಳು. ತೊಳೆದ ನೀರನ್ನು ಬಾಗಿಲ ಪಕ್ಕದ ಮಾವಿನ ಕಸಿಗೆ ಸುರಿದಳು. ಅದು ಸುಕ್ರಿಯ ನೀರು. ಅಂದಿನಿಂದ ದಿನವೂ ಸುರಿದಳು. ಬಾವಿಯ ಪೈಪು ಆ ಗಿಡಕ್ಕೆ ತಾಗದಂತೆ, ಇದು ತನ್ನದು, ತಾನೇ ನೋಡಿಕೊಳ್ಳುತ್ತೇನೆ ಎಂದಳು. ಅವನು ನಕ್ಕು ಬಿಟ್ಟುಕೊಟ್ಟ.

ಉಳಿದವು ಒಂದೊಂದೇ ಕಂದಿ, ಎಲೆ ಉದುರಿಸಿ, ಕಡ್ಡಿಯಾದವು. ಹಿತ್ತಲಿನದು ಕೆಂಪು ಚಿಗುರು ಬಿಟ್ಟಿತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಧೈರ್ಯ ಬರುತ್ತಿತ್ತು. ಒಂದು ಬದುಕಿದೆಯೆಂದರೆ ಮಣ್ಣು ಸರಿಯಿದೆ, ಉಳಿದವಕ್ಕೆ ನೀರು ಸಾಲದು. ಪಂಪು ಮೂರು ಹೊತ್ತು ಓಡತೊಡಗಿತು.

ಮೇ ಕೊನೆಯ ವಾರ ಇಪ್ಪತ್ತೊಂದನೆಯದರ ತೊಗಟೆ ಕೆರೆದು ನೋಡಿದ. ಒಳಗೆ ಹಸಿರಿರಲಿಲ್ಲ. ಆ ಮಧ್ಯಾಹ್ನ ವೈಜಯಂತಿ ಬಾವಿಯ ನೀರಲ್ಲಿ ಗಂಜಿ ಬೇಯಿಸಿದಳು.

ಮೊದಲ ತುತ್ತಿಗೇ ಅವನ ಕೈ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲೇ ಇತ್ತು. ತಗಡಿನ ಪೆಟ್ಟಿಗೆಯ ಕಡೆ ತಿರುಗಿದ. ಬೀಗವೂ ಇತ್ತು. ಹೊರಗೆ ಪಂಪು ಓಡುತ್ತಿತ್ತು. ಅವನು ಆ ಸದ್ದಿನ ಕಡೆ ತಲೆ ತಿರುಗಿಸಿದ.

"ಯಾವತ್ತಿಂದ?"

"ನಾ ಹೇಳಿದ್ನಲ್ಲ, ಆವತ್ತಿಂದ."

"ಮತ್ತೆ ಇಷ್ಟ್ ದಿನ ನನ್ ಗಂಜಿ?"

"ಸುಕ್ರಿ ಬಾವಿ ನೀರು. ಹಿತ್ಲ ಗಿಡ ಕುಡಿದದ್ದೂ ಅದೇ."

ಅವನು ಎದ್ದು ಕೈ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ.

"ಹೊಡೀರಿ. ನಾಳೆ ಕೊಡ ನೀವೇ ತನ್ನಿ. ಸುಕ್ರಿ ಕೊಡ್ತಾಳೋ ನೋಡ್ವಾ."

ಕೈ ಇಳಿಯಿತು. ಅವನು ಮತ್ತೆ ಕೂತ. ಮೋಡದ ಸುಳಿವಿರಲಿಲ್ಲ, ಮಳೆಗೆ ಇನ್ನೂ ಇಪ್ಪತ್ತು ದಿನವಾದರೂ ಬೇಕು.

"ವೈಜೂ," ಎಂದ. ಗಿಡಗಳ ಜೊತೆ ಆಡುವ ದನಿಯಲ್ಲಿ. "ಆ ಒಂದನ್ನ ಉಳಿಸು."

"ಅಕ್ಕಿ ತೊಳೆದ ನೀರು ಇನ್ ಅದ್ಕೆ ಸಾಲೂದಿಲ್ಲ, ಬಿಸಿಲು ಕಂಡ್ರಲ್ಲ. ಒಂದ್ ಪೂರಾ ಕೊಡ ಬೇಕು. ಸುಕ್ರಿ ಕೊಡೂದು ಎರಡೇ. ಒಂದು ನಂಗೆ ಕುಡೀಲಿಕ್ಕೆ." ಅವಳು ಎದುರಿನ ಮಣೆ ಎಳೆದು ಕೂತಳು. "ಇನ್ನೊಂದು ನಿಮ್ ಹೊಟ್ಟೆಗೋ, ಗಿಡಕ್ಕೋ? ನೀವೇ ಹೇಳಿ. ಯೋಚ್ನೆ ಮಾಡೂದು ನಿಮ್ ಕೆಲ್ಸ."

ತೆರೆದ ಹಿತ್ತಲ ಬಾಗಿಲಲ್ಲಿ ಕೆಂಪು ಚಿಗುರು ಅಲುಗುತ್ತಿತ್ತು. ಅವನು ಅದನ್ನು ನೋಡಿದ. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಒಂದು ತುತ್ತು ತಿಂದ, ಮುಖ ಕಿವುಚಿದ, ಇನ್ನೊಂದು ತಿಂದ.

ತಟ್ಟೆ ಬರಿದಾಗುವ ತನಕ ವೈಜಯಂತಿ ಕೂತೇ ಇದ್ದಳು.

"ಇನ್ ಸ್ವಲ್ಪ ಹಾಕ್ಲಾ?" ಎಂದು ಕೇಳಿದಳು.